ಹೊಗೆ ಹೋಗುವ ದಾರಿ

"ಮನ್ಯಾಗ ಒಂದ್ ಬೆಂಕಿ ಇರ್ಬೇಕು ನೋಡ್ ತಮ್ಮಾ" ಎಂದು ಅವ್ವ ಹೇಳಿದ್ದು ಹೋದ ವರ್ಷ ಡಿಸೆಂಬರಿನ ಒಂದು ಬೆಳಿಗ್ಗೆ. ಶಾಲು ಹೊದ್ದು, ಕಾಲಿಗೆ ಸಾಕ್ಸು ಹಾಕಿಕೊಂಡು, ಅಡುಗೆಮನೆಯ ಬಾಗಿಲಲ್ಲಿ ಕೂತಿದ್ದಳು. ಗ್ಯಾಸಿನ ಮೇಲೆ ಚಹಾ ಕುದಿಯುತ್ತಿತ್ತು. ಅದೂ ಬೆಂಕಿಯೇ ಅಲ್ಲವೇ ಎಂದೆ. "ಅದು ಉರಿ. ಅದರ ಮುಂದ ಕೂಡಾಕ್ ಬರ್ತದೇನು?" ಎಂದಳು.

ಉಪ್ಪಲಿನ ಚಳಿ ದೊಡ್ಡ ಚಳಿಯಲ್ಲ. ಹೈದರಾಬಾದಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 6.1 ಡಿಗ್ರಿ ಸೆಲ್ಸಿಯಸ್. ಅದು 1946ರ ಜನವರಿಯ ಮಾತು. ಉಳಿದ ವರ್ಷಗಳಲ್ಲಿ ಸಂಕ್ರಾಂತಿ ಹೊತ್ತಿಗೆ ಒಂದು ಕಂಬಳಿಯಲ್ಲಿ ಮುಗಿದುಹೋಗುವ ಚಳಿ ಇದು. ಆದರೆ ಎಪ್ಪತ್ತೆಂಟರ ಮೈಗೆ ಹವಾಮಾನ ಇಲಾಖೆಯ ಅಂಕಿಗಳು ತಿಳಿಯುವುದಿಲ್ಲ. ಆ ವಾರವಿಡೀ ನಾನು ಮನೆ ಬೆಚ್ಚಗಿಡುವ ಕಟ್ಟಿಗೆಯ ಒಲೆಗಳನ್ನು ಹುಡುಕಿದೆ. ಕಂಡದ್ದೆಲ್ಲ ಚಳಿದೇಶದ ಸಾಮಾನು: ಎರಕದ ಕಬ್ಬಿಣದ ಪೆಟ್ಟಿಗೆ, ಗಾಜಿನ ಬಾಗಿಲು, ಛಾವಣಿ ದಾಟುವ ಉಕ್ಕಿನ ಕೊಳವೆ. ಕಿಟಕಿ ಬಾಗಿಲುಗಳೆಲ್ಲ ಗಾಳಿಗೆ ತೆರೆದುಕೊಂಡಿರುವ ನಮ್ಮ ಮನೆಯಲ್ಲಿ ಅದನ್ನು ಇಟ್ಟರೆ ಬೆಚ್ಚಗಾಗುವುದು ನಮ್ಮ ಬೀದಿ. ಜೊತೆಗೆ ಇನ್ನೊಂದು ತೊಡಕಿತ್ತು. ಬೆಂಕಿ ಕೇಳುತ್ತಿದ್ದ ಅವ್ವನ ಪುಪ್ಪುಸವನ್ನು ಕೆಡಿಸಿದ್ದೂ ಬೆಂಕಿಯೇ.

ಆರು ವರ್ಷದ ಹಿಂದೆ ಅವಳ ದಮ್ಮು ಹೆಚ್ಚಾದಾಗ ವೈದ್ಯರು ಒಂದು ಕೊಳವೆಯೊಳಗೆ ಜೋರಾಗಿ ಊದಿಸಿದರು. ಪರದೆ ನೋಡಿ, "ಬೀಡಿ, ಸಿಗರೇಟು?" ಎಂದರು. ಅವ್ವ ನಕ್ಕಳು. "ಕಟ್ಟಿಗೆ ಒಲೆ?" ಎಂದರು. ಅವ್ವ ನಗುವುದನ್ನು ನಿಲ್ಲಿಸಿದಳು. ಬೀದರ್ ಜಿಲ್ಲೆಯ ಹಳ್ಳಿಯಲ್ಲಿ ಮದುವೆಯಾಗಿ ಬಂದ ದಿನದಿಂದ ಉಪ್ಪಲಿಗೆ ಬರುವವರೆಗೆ, ಅಂದರೆ ಹತ್ತಿರ ಹತ್ತಿರ ಮೂವತ್ತು ವರ್ಷ, ಅವಳು ಊದುಗೊಳವೆಯಲ್ಲಿ ಊದಿದ್ದಳು. ಆ ಅಡುಗೆಮನೆಗೆ ಇದ್ದ ಹೊಗೆಯ ದಾರಿ ಒಂದೇ: ಮಣ್ಣಿನ ಮಾಳಿಗೆಯ ಬೆಳಕಿಂಡಿ. ಮಳೆ ಬಂದರೆ ಅದನ್ನೂ ಮುಚ್ಚುತ್ತಿದ್ದರು.

ಇಂಥವಳಿಗೆ ಒಂದು ಬೆಂಕಿ ಕೊಂಡುಕೊಡುವುದು ಹೇಗೆ? ಈ ಪ್ರಶ್ನೆ ಹಿಡಿದು ಹೊರಟಾಗಲೇ ನನಗೆ ಎದುರಾದದ್ದು, ಇದೇ ಊರಿನಲ್ಲಿ ಎಪ್ಪತ್ತು ವರ್ಷದ ಹಿಂದೆ ಇದೇ ಪ್ರಶ್ನೆ ಕೇಳಿಕೊಂಡ ಒಬ್ಬ ಎಂಜಿನಿಯರನ ಕಥೆ.

ಮನೆಯನ್ನಲ್ಲ, ನೀರನ್ನು

ಕಥೆಗೆ ಹೋಗುವ ಮೊದಲು ಒಂದು ಮಾತು. ನಮ್ಮ ಕಡೆ ಮನೆಯನ್ನು ಬೆಚ್ಚಗಿಡುವ ಒಲೆಯ ಪರಂಪರೆಯೇ ಇಲ್ಲವೆಂದು ಹೇಳುವವರುಂಟು. ಅದು ಪೂರ್ತಿ ನಿಜವಲ್ಲ. ನಾವು ಕೋಣೆಯ ಗಾಳಿಯನ್ನು ಕಾಯಿಸಲಿಲ್ಲ. ನೀರನ್ನು ಕಾಯಿಸಿ, ಆ ನೀರನ್ನು ಮೈಮೇಲೆ ಹೊಯ್ದುಕೊಂಡೆವು. ಮಲೆನಾಡಿನ ಬಚ್ಚಲೊಲೆಯ ಮುಂದೆ ಮಳೆಗಾಲದ ಸಂಜೆ ಕೂತವರಿಗೆ ಇದು ಗೊತ್ತು. ಹಂಡೆಯ ನೀರು ಕಾಯುತ್ತದೆ, ಒದ್ದೆ ಬಟ್ಟೆ ಒಣಗುತ್ತದೆ, ಹಲಸಿನ ಬೀಜ ಸುಟ್ಟುಕೊಳ್ಳುತ್ತದೆ, ಮಕ್ಕಳು ಪಾಠ ಓದುತ್ತಾರೆ. ಒಂದೇ ಬೆಂಕಿ, ನಾಲ್ಕು ಕೆಲಸ. ದೀಪಾವಳಿಯ ಮೊದಲ ದಿನ ನೀರು ತುಂಬುವ ಹಬ್ಬ. ಆ ದಿನ ಪೂಜೆ ಸಲ್ಲುವುದು ಬಚ್ಚಲಿನ ಹಂಡೆಗೆ: ತಿಕ್ಕಿ ತೊಳೆದು, ಸುಣ್ಣ ಕೆಮ್ಮಣ್ಣಿನ ಗೆರೆ ಎಳೆದು, ಬಳ್ಳಿ ಸುತ್ತಿ. ಚಳಿ ಶುರುವಾಗುವ ಹೊತ್ತಿಗೆ ಬಿಸಿನೀರಿನ ವ್ಯವಸ್ಥೆಯನ್ನು ಸರಿಮಾಡಿಟ್ಟುಕೊಳ್ಳುವ ದಿನ ಅದು ಎಂದು ನಾನು ಓದಿಕೊಳ್ಳುತ್ತೇನೆ.

ಉತ್ತರ ಕರ್ನಾಟಕದಲ್ಲಿ, ಮರಾಠಿ ನಾಡಿನಲ್ಲಿ, ಹಂಡೆಗೆ ಒಬ್ಬ ತಮ್ಮನಿದ್ದಾನೆ: ಬಂಬ. ತಾಮ್ರದ ಎತ್ತರದ ಪಾತ್ರೆ, ನಡುವೆ ಕೆಳಗಿನಿಂದ ಮೇಲಿನವರೆಗೆ ಒಂದು ಕೊಳವೆ. ಬೆಂಕಿ ಕೊಳವೆಯೊಳಗೆ, ನೀರು ಅದರ ಸುತ್ತ. ಹಂಡೆಯ ಒಲೆಯಲ್ಲಿ ಉರಿ ಪಾತ್ರೆಯನ್ನು ಹೊರಗಿನಿಂದ ನೆಕ್ಕಿ ಅರ್ಧ ಬಿಸಿಯನ್ನು ಗಾಳಿಗೆ ಚೆಲ್ಲುತ್ತದೆ. ಬಂಬದಲ್ಲಿ ಉರಿ ನೀರಿನ ಹೊಟ್ಟೆಯೊಳಗೇ ಇರುತ್ತದೆ. ನಾಲ್ಕು ತುಂಡು ಕಟ್ಟಿಗೆ, ಒಂದು ಹಿಡಿ ತೆಂಗಿನ ಚಿಪ್ಪು ಸಾಕು, ಮನೆಮಂದಿಯ ಸ್ನಾನ ಆಗುತ್ತದೆ. ಬಂಬದ ಆ ಕೊಳವೆ ಎರಡು ಕೆಲಸ ಮಾಡುತ್ತದೆ: ನೀರಿಗೆ ಬಿಸಿ ಕೊಡುತ್ತದೆ, ಹೊಗೆಗೆ ದಾರಿ ಕೊಡುತ್ತದೆ. ಆದರೆ ಅಡುಗೆಮನೆಯ ಒಲೆಗೆ ಇಂಥ ದಾರಿ ಯಾರೂ ಕೊಟ್ಟಿರಲಿಲ್ಲ. ದಿನಕ್ಕೆ ಒಂದು ಸಲ ಉರಿಯುವ ಸ್ನಾನದ ಬೆಂಕಿಗೆ ಕೊಳವೆ ಉಂಟು, ದಿನಕ್ಕೆ ಆರು ತಾಸು ಉರಿಯುವ ಅಡುಗೆಯ ಬೆಂಕಿಗೆ ಇಲ್ಲ. ಮೊದಲನೆಯದರ ಬಿಸಿನೀರು ಗಂಡಸರಿಗೂ ಬೇಕಿತ್ತು, ಎರಡನೆಯದರ ಹೊಗೆ ಹೆಂಗಸರಿಗೆ ಮಾತ್ರ ತಾಕುತ್ತಿತ್ತು. ಇಷ್ಟು ಸರಳವಾಗಿ ಹೇಳಿದರೆ ತಪ್ಪಾದೀತು, ಆದರೆ ಪೂರ್ತಿ ತಪ್ಪಾಗಲಾರದು.

ಹೈದರಾಬಾದಿನ ಒಲೆ

1953ರಲ್ಲಿ ಹೈದರಾಬಾದು ಇನ್ನೂ ಒಂದು ರಾಜ್ಯದ ಹೆಸರು. ಬಿ. ರಾಮಕೃಷ್ಣರಾವ್ ಮುಖ್ಯಮಂತ್ರಿ. ತೆಲುಗು, ಮರಾಠಿ, ಕನ್ನಡ ಮೂರೂ ನಾಡುಗಳು ಅದರೊಳಗಿದ್ದವು. ಬೀದರ್, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಕನ್ನಡಿಗರಿಗೆ ರಾಜಧಾನಿ ಎಂದರೆ ಇದೇ ಊರು. ಈ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಲು 1956ರ ನವೆಂಬರ್ 1 ಬರಬೇಕಾಗಿತ್ತು. ಹಾಗಾಗಿ ಮುಂದೆ ಹೇಳುವ ಒಲೆ ನಮ್ಮ ಸರ್ಕಾರದ, ನಮ್ಮ ತೆರಿಗೆಯ ಒಲೆಯೂ ಹೌದು. ಅದು ನಮ್ಮ ಮನೆಗೆ ಬರಲಿಲ್ಲ ಎಂಬುದು ಬೇರೆ ಮಾತು.

ಆ ರಾಜ್ಯದ ಎಂಜಿನಿಯರಿಂಗ್ ಸಂಶೋಧನಾಲಯಕ್ಕೆ ಹೈದರಾಬಾದ್ ಎಂಜಿನಿಯರಿಂಗ್ ರಿಸರ್ಚ್ ಲ್ಯಾಬೊರೇಟರೀಸ್ ಎಂದು ಹೆಸರು. ಇಂಥ ಪ್ರಯೋಗಾಲಯಗಳ ರೂಢಿಯ ಕೆಲಸ ಅಣೆಕಟ್ಟು, ಕಾಲುವೆ, ಮಣ್ಣು, ಸಿಮೆಂಟುಗಳ ಪರೀಕ್ಷೆ. ಅದರ ನಿರ್ದೇಶಕ ಡಾ. ಎಸ್. ಪಿ. ರಾಜು, ನೀರಿನ ಹರಿವಿನ ಶಾಸ್ತ್ರದಲ್ಲಿ ಪಳಗಿದವರು. ಕಾಲುವೆಗಳ ಲೆಕ್ಕ ಹಾಕುತ್ತಿದ್ದ ಈ ಮನುಷ್ಯ ಅಡುಗೆಮನೆಯ ಹೊಗೆಯನ್ನೂ ಹರಿವಿನ ಒಂದು ಸಮಸ್ಯೆಯಾಗಿ ನೋಡಿದರು. 1953ರಲ್ಲಿ ಅವರು ಒಂದು ಚಿಕ್ಕ ಪುಸ್ತಕ ಹೊರತಂದರು. ಕೋಟ್ಯಂತರ ಜನರಿಗೆ ಹೊಗೆಯಿಲ್ಲದ ಅಡುಗೆಮನೆ ಎಂಬುದು ಅದರ ಹೆಸರಿನ ಅರ್ಥ. ಅದರಲ್ಲಿ ವಿವರಿಸಿದ ಒಲೆಗೆ ಪ್ರಯೋಗಾಲಯದ ಮೊದಲಕ್ಷರಗಳನ್ನು ಸೇರಿಸಿ 'ಹರ್ಲ್ ಚೂಲಾ' ಎಂಬ ಹೆಸರು ಬಿತ್ತು.

ಒಲೆ ಮಣ್ಣಿನದು. ಬಾಯಿ ಒಂದೇ. ಮೊದಲ ಕುಳಿಯ ಕೆಳಗೆ ಬೆಂಕಿ. ಉಳಿದ ಪಾತ್ರೆಗಳು ಬೆಂಕಿಯ ಬಿಸಿಗಾಳಿ ಹೋಗುವ ಸುರಂಗದ ಮೇಲೆ ಕೂರುತ್ತವೆ. ಸುರಂಗದ ಕೊನೆಯಲ್ಲಿ ಗೋಡೆಗೆ ಒತ್ತಿ ನಿಂತ ಹೊಗೆಕೊಳವೆ. ಕೊಳವೆಯ ಬುಡದಲ್ಲಿ ಎಳೆತವನ್ನು ಹೆಚ್ಚು ಕಡಿಮೆ ಮಾಡಲು ಸರಿಸಿ ತೆಗೆಯುವ ಒಂದು ತಗಡು. ನಮ್ಮ ಹಳೆಯ ಮನೆಗಳ ಕೋಡೊಲೆಯನ್ನು ಕಂಡವರಿಗೆ ಇದರ ಅರ್ಧ ಪರಿಚಿತವೇ. ಕೋಡೊಲೆಯಲ್ಲೂ ಪಕ್ಕದ ಕುಳಿಗೆ ಮೊದಲ ಕುಳಿಯ ಉಳಿದ ಉರಿ ಹೋಗುತ್ತದೆ. ರಾಜು ಸೇರಿಸಿದ್ದು ಆ ಉರಿ ಕೊನೆಗೆ ಎಲ್ಲಿಗೆ ಹೋಗಬೇಕು ಎಂಬುದಕ್ಕೆ ಒಂದು ಉತ್ತರ.

ಇದರ ಜೊತೆಗೆ ಅವರು ಐದು ಬಿಡುಗಡೆಗಳನ್ನು ಹೇಳಿದರು: ಹೊಗೆಯಿಂದ, ಮಸಿಯಿಂದ, ಝಳದಿಂದ, ಪೋಲಾಗುವುದರಿಂದ, ಬೆಂಕಿ ಅನಾಹುತದ ಭಯದಿಂದ. ದೇಶ ಸ್ವತಂತ್ರವಾಗಿ ಆರು ವರ್ಷ. ಹೈದರಾಬಾದು ಭಾರತಕ್ಕೆ ಸೇರಿ ಐದು ವರ್ಷ. ಆಗ ಸ್ವಾತಂತ್ರ್ಯ ಎಂಬ ಮಾತನ್ನು ಅಡುಗೆಮನೆಯವರೆಗೆ ತರಬೇಕೆಂದು ಒಬ್ಬ ಕಾಲುವೆ ಎಂಜಿನಿಯರಿಗೆ ಅನ್ನಿಸಿತು. ಒಲೆಯ ನಕ್ಷೆಗಿಂತ ನನಗೆ ಹೆಚ್ಚು ತಟ್ಟಿದ್ದು ಇದು.

ರಾಜು ಒಂಟಿಯಲ್ಲ. ಗಾಂಧಿಯವರ ಅಖಿಲ ಭಾರತ ಗ್ರಾಮೋದ್ಯೋಗ ಸಂಘ 1934ರಲ್ಲಿ ಹುಟ್ಟಿ, ವಾರ್ಧಾದ ಮಗನವಾಡಿಯಲ್ಲಿ ಜೆ. ಸಿ. ಕುಮಾರಪ್ಪನವರ ಮುಂದಾಳತ್ವದಲ್ಲಿ ಗಾಣ, ಬೀಸುಕಲ್ಲು, ಕಾಗದಗಳ ಜೊತೆ ಒಲೆಯನ್ನೂ ಕೈಗೆತ್ತಿಕೊಂಡಿತ್ತು. ಅಲ್ಲಿಂದ ಬಂದದ್ದು ಮಗನ್ ಚೂಲಾ. ಇತ್ತ 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಶುರುವಾಗಿ, ಹಳ್ಳಿಗಳಿಗೆ ಹೋದ ಗ್ರಾಮಸೇವಿಕೆಯರ ಕೆಲಸದ ಪಟ್ಟಿಯಲ್ಲಿ ಹೊಗೆರಹಿತ ಒಲೆಯೂ ಸೇರಿತು.

ಹೊಗೆ ಯಾಕೆ ಹತ್ತುತ್ತದೆ

ಒಲೆಯ ಕೊಳವೆ ಹೊಗೆಯನ್ನು ನೂಕುವುದಿಲ್ಲ. ಕೊಳವೆಯೊಳಗಿನ ಬಿಸಿಗಾಳಿ ಹೊರಗಿನ ತಣ್ಣನೆಯ ಗಾಳಿಗಿಂತ ಹಗುರ. ಅದು ಮೇಲೇರುತ್ತದೆ, ಖಾಲಿಯಾದ ಜಾಗಕ್ಕೆ ಒಲೆಯ ಬಾಯಿಂದ ಹೊಸ ಗಾಳಿ ನುಗ್ಗುತ್ತದೆ. ಕೊಳವೆ ಎತ್ತರವಾದಷ್ಟೂ, ಒಳಗಿನ ಗಾಳಿ ಬಿಸಿಯಾದಷ್ಟೂ ಎಳೆತ ಹೆಚ್ಚು. ತಿರುವುಗಳು ಹೆಚ್ಚಾದರೆ, ಮಸಿ ಕಟ್ಟಿಕೊಂಡರೆ, ಕೊಳವೆ ತಣ್ಣಗಿದ್ದರೆ ಎಳೆತ ಕಡಿಮೆ. ಅಷ್ಟೇ ಶಾಸ್ತ್ರ. ಆದರೆ ಈ ಅಷ್ಟೇ ಶಾಸ್ತ್ರ ಜಗತ್ತಿನ ದೊಡ್ಡ ತಲೆಗಳನ್ನು ಕೆಮ್ಮಿಸಿದೆ.

ಬೆಂಜಮಿನ್ ಫ್ರಾಂಕ್ಲಿನ್ 1744ರಲ್ಲಿ ತನ್ನ ಹೊಸ ಕಬ್ಬಿಣದ ಒಲೆಯ ಬಗ್ಗೆ ಒಂದು ಕಿರುಹೊತ್ತಿಗೆ ಬರೆದ. ಕಟ್ಟಿಗೆ ಉಳಿಸುವ ಒಲೆ. ಪೇಟೆಂಟು ಕೊಡುತ್ತೇವೆಂದರೂ ಬೇಡವೆಂದ. ಆದರೆ ಆ ಒಲೆಯಲ್ಲಿ ಹೊಗೆ ಮೊದಲು ಕೆಳಗಿಳಿದು ಆಮೇಲೆ ಮೇಲೇರಬೇಕಾಗಿತ್ತು. ಕೊಳವೆ ತಣ್ಣಗಿರುವಾಗ ಹೊಗೆ ಈ ಮಾತಿಗೆ ಒಪ್ಪುತ್ತಿರಲಿಲ್ಲ, ಕೋಣೆಗೇ ಬರುತ್ತಿತ್ತು. ಮುಂದೆ ಬೇರೆಯವರು ಅದನ್ನು ತಿದ್ದಿದರು. 1790ರ ದಶಕದಲ್ಲಿ ಕೌಂಟ್ ರಮ್‌ಫೋರ್ಡ್ ಬೆಂಕಿಗೂಡಿನ ಗಂಟಲನ್ನು ಕಿರಿದು ಮಾಡಿದರೆ ಹೊಗೆ ಸಲೀಸಾಗಿ ಹೋಗುತ್ತದೆ, ಬಿಸಿ ಕೋಣೆಗೆ ಉಳಿಯುತ್ತದೆ ಎಂದು ತೋರಿಸಿದ.

ಇಲ್ಲಿ ಒಂದು ಗುಟ್ಟಿದೆ. ಹೊಗೆ ತೆಗೆಯುವುದು, ಕಟ್ಟಿಗೆ ಉಳಿಸುವುದು ಎರಡೂ ಒಂದೇ ಕೆಲಸವಲ್ಲ. ಕೊಳವೆ ಚೆನ್ನಾಗಿ ಎಳೆದರೆ ಹೊಗೆಯ ಜೊತೆ ಬಿಸಿಯನ್ನೂ ಎಳೆದುಕೊಂಡು ಹೋಗುತ್ತದೆ. ಎಳೆತ ಕಡಿಮೆ ಮಾಡಿದರೆ ಬಿಸಿ ಉಳಿಯುತ್ತದೆ, ಹೊಗೆಯೂ ಉಳಿಯುತ್ತದೆ. ಐದು ಬಿಡುಗಡೆಗಳಲ್ಲಿ ಮೊದಲನೆಯದೂ ನಾಲ್ಕನೆಯದೂ ಒಳಗೊಳಗೇ ಜಗಳವಾಡುತ್ತವೆ. ಆ ಜಗಳ ಬಿಡಿಸುವ ಕೆಲಸ ಒಂದು ತಗಡಿನ ಮೇಲೆ, ಅಂದರೆ ಆ ತಗಡನ್ನು ಹೊತ್ತುಹೊತ್ತಿಗೆ ಸರಿಸಬೇಕಾದ ಹೆಂಗಸಿನ ಮೇಲೆ ಬಿತ್ತು.

ಒಲೆ ಒಡೆದವರು

ಹೊಗೆರಹಿತ ಒಲೆಗಳು ಬಹಳಷ್ಟು ಮನೆಗಳಲ್ಲಿ ಉಳಿಯಲಿಲ್ಲ. ಕಾರಣಗಳನ್ನು ಹುಡುಕಿದವರಿಗೆ ಸಿಕ್ಕಿದ ಉತ್ತರಗಳು ಎಲ್ಲ ಕಡೆಯೂ ಹೆಚ್ಚು ಕಡಿಮೆ ಒಂದೇ. ಕುಳಿಯ ಅಳತೆ ಗಟ್ಟಿಯಾಗಿ ಕೂತಿರುತ್ತದೆ, ಮನೆಯ ಪಾತ್ರೆಗಳು ಹತ್ತು ಅಳತೆಯವು. ಪಾತ್ರೆ ಸರಿಯಾಗಿ ಕೂರದಿದ್ದರೆ ಸಂದಿಯಿಂದ ಹೊಗೆ. ಬಾಯಿ ಚಿಕ್ಕದು; ಕಟ್ಟಿಗೆಯನ್ನು ಸಣ್ಣಗೆ ಸೀಳಬೇಕು. ಸೀಳುವವರು ಯಾರು? ಕೊಳವೆಯೊಳಗಿನ ಮಸಿಯನ್ನು ಆಗಾಗ ತೆಗೆಯದಿದ್ದರೆ ಅದು ಕಟ್ಟಿಕೊಳ್ಳುತ್ತದೆ. ಮಾಳಿಗೆ ಹತ್ತಿ ತೆಗೆಯುವವರು ಯಾರು? ಹುಲ್ಲಿನ ಸೂರಿಗೆ ತೂತು ಮಾಡಿದರೆ ಮಳೆ ಸೋರುತ್ತದೆ. ಹೊಗೆ ಇಲ್ಲವಾದರೆ ಸೂರಿನ ಹುಳ ಹೋಗುವುದಿಲ್ಲ, ಅಟ್ಟದ ಮೇಲಿಟ್ಟ ಬೀಜದ ಕಾಳಿಗೆ ನುಸಿ ಹಿಡಿಯುತ್ತದೆ. ಹೊಗೆ ಕಣ್ಣಿಗೆ ಕೆಟ್ಟದ್ದು, ಮನೆಗೆ ಬೇಕಾದದ್ದು.

ಇವೆಲ್ಲವನ್ನೂ 'ಬಳಕೆದಾರರ ತಪ್ಪು' ಎಂದು ಬರೆದಿಟ್ಟ ವರದಿಗಳುಂಟು. ನನ್ನ ಅವ್ವನನ್ನು ಕೇಳಿದೆ. ಅವರ ಪಕ್ಕದ ಹಳ್ಳಿಯಲ್ಲಿ ಸರ್ಕಾರದವರು ಇಂಥ ಒಲೆ ಹಾಕಿಕೊಟ್ಟಿದ್ದರಂತೆ. ಒಂದು ವರ್ಷಕ್ಕೆ ಒಡೆದರಂತೆ. ಯಾಕೆ? "ರೊಟ್ಟಿ ಸುಡಾಕ್ ಬರ್ತಿದ್ದಿಲ್ಲ" ಎಂದಳು. ಜೋಳದ ರೊಟ್ಟಿಯನ್ನು ಹಂಚಿನ ಮೇಲೆ ಬೇಯಿಸಿ, ಆಮೇಲೆ ಒಲೆಯ ಬಾಯಲ್ಲಿ ಕೆಂಡದ ಮುಂದೆ ನಿಲ್ಲಿಸಿ ಉಬ್ಬಿಸಬೇಕು. ಬಾಯಿ ಮುಚ್ಚಿದ ಒಲೆಯಲ್ಲಿ ರೊಟ್ಟಿ ನಿಲ್ಲಿಸುವುದು ಎಲ್ಲಿ? ಅನ್ನ ಉಣ್ಣುವವರು ಅನ್ನದ ಒಲೆ ಮಾಡಿದರು, ರೊಟ್ಟಿ ತಿನ್ನುವವರು ಅದನ್ನು ಒಡೆದರು ಎಂಬುದು ಅವಳ ಸಾರಾಂಶ. ಅದು ಯಾವ ನಮೂನೆಯ ಒಲೆಯೋ ಅವಳಿಗೆ ಗೊತ್ತಿಲ್ಲ. ಆದರೆ ಅವಳ ಆಕ್ಷೇಪಣೆ ಯಾವ ಎಂಜಿನಿಯರೂ ತಳ್ಳಿಹಾಕಲಾಗದ ಆಕ್ಷೇಪಣೆ.

ಅಸ್ತ್ರ ಒಲೆ

ಈ ಪಾಠವನ್ನು ಚೆನ್ನಾಗಿ ಕಲಿತವರು ಬೆಂಗಳೂರಿನವರು. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು ಗ್ರಾಮೀಣ ಪ್ರದೇಶಗಳಿಗೆ ವಿಜ್ಞಾನ ತಂತ್ರಜ್ಞಾನ ಎಂಬ ಕೇಂದ್ರವನ್ನು ಶುರುಮಾಡಿದರು. ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಕೂಡಿ 'ಅಸ್ತ್ರ' ಆಯಿತು. ರೆಡ್ಡಿಯವರು ವಿದ್ಯುತ್ ರಸಾಯನಶಾಸ್ತ್ರದಲ್ಲಿ ಹೆಸರು ಮಾಡಿದ್ದವರು. ಅದನ್ನು ಬಿಟ್ಟು ಹಳ್ಳಿಯ ಸೌದೆ, ಸಗಣಿ, ನೀರಿನ ಲೆಕ್ಕಕ್ಕೆ ಇಳಿದರು. ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ ಅಸ್ತ್ರದ ವಿಸ್ತರಣಾ ಕೇಂದ್ರ ತೆರೆಯಿತು. ಅವರು ಮೊದಲು ಮಾಡಿದ್ದು ಎಣಿಕೆ: ಒಂದು ಹಳ್ಳಿಗೆ ಶಕ್ತಿ ಎಲ್ಲಿಂದ ಬರುತ್ತದೆ, ಎಲ್ಲಿ ಖರ್ಚಾಗುತ್ತದೆ? ಡೀಸೆಲ್, ಕರೆಂಟುಗಳನ್ನು ನಿರೀಕ್ಷಿಸಿದವರಿಗೆ ಸಿಕ್ಕಿದ ಉತ್ತರ ಸೌದೆ. ಹಳ್ಳಿಯ ಶಕ್ತಿಯ ಬಹುಪಾಲು ಒಲೆಯ ಬಾಯಲ್ಲಿ ಹೋಗುತ್ತಿತ್ತು, ಅಡುಗೆಗೆ ಮತ್ತು ಸ್ನಾನದ ನೀರಿಗೆ. ಅದನ್ನು ಹೊತ್ತು ತರುತ್ತಿದ್ದವರಲ್ಲಿ ಹೆಂಗಸರು, ಮಕ್ಕಳೇ ಹೆಚ್ಚು.

ಕಾಲವೂ ಕೂಡಿಬಂದಿತ್ತು. 1973ರಲ್ಲಿ ತೈಲದ ಬೆಲೆ ಹಾರಿತ್ತು. 1975ರಲ್ಲಿ ಎರಿಕ್ ಎಕ್‌ಹೋಮ್ ಎಂಬ ಅಮೆರಿಕದ ಬರಹಗಾರ, ಬಡವರ ಪಾಲಿನ ಇಂಧನ ಬಿಕ್ಕಟ್ಟು ತೈಲದ್ದಲ್ಲ, ಸೌದೆಯದು ಎಂದು ಬರೆದು ಗಮನ ಸೆಳೆದಿದ್ದ. ಒಲೆ ಈಗ ಕಾಡಿನ ಪ್ರಶ್ನೆಯಾಯಿತು.

ಕೆ. ಎಸ್. ಜಗದೀಶ್, ಎಸ್. ಎಸ್. ಲೋಕ್ರಸ್ ಮತ್ತು ಸಂಗಡಿಗರು ರೂಪಿಸಿದ ಅಸ್ತ್ರ ಒಲೆ ಮೂರು ಪಾತ್ರೆಯದು. ಹೊರಗೆ ನೋಡಿದರೆ ಹೈದರಾಬಾದಿನ ಒಲೆಯ ಮೊಮ್ಮಗಳಂತೆ ಕಾಣುತ್ತದೆ: ಮಣ್ಣು, ಸುರಂಗ, ಕೊಳವೆ. ವ್ಯತ್ಯಾಸ ಒಳಗೆ. ಕಟ್ಟಿಗೆ ನೆಲದ ಮೇಲಲ್ಲ, ಜಾಲರಿಯ ಮೇಲೆ ಉರಿಯುತ್ತದೆ. ಕೆಳಗಿನಿಂದ ಗಾಳಿ ಬರುವ ದಾರಿಯನ್ನು ಅಳೆದು ಇಟ್ಟಿದ್ದಾರೆ. ಉರಿ ಸಾಕಾಗುವಷ್ಟು ಗಾಳಿ, ಬಿಸಿಯನ್ನು ಕದಿಯದಷ್ಟು ಗಾಳಿ. ಪಾತ್ರೆ ಕುಳಿಯೊಳಕ್ಕೆ ಇಳಿದು ಕೂರುತ್ತದೆ, ಹೊಗೆ ಸೋರುವುದಿಲ್ಲ. ಮೂರನೆಯ ಪಾತ್ರೆಗೆ ಸಿಗುವುದು ಮೊದಲೆರಡರ ಮಿಕ್ಕ ಬಿಸಿ, ನೀರು ಬೆಚ್ಚಗಾಗಲು ಅದು ಸಾಕು. ಬಿಸಿ ಮತ್ತು ಹೊಗೆಯ ಜಗಳವನ್ನು ಒಂದು ತಗಡಿನ ಮೇಲೆ ಬಿಡದೆ, ಒಲೆಯ ಹೊಟ್ಟೆಯೊಳಗೇ ಬಿಡಿಸಲು ನೋಡಿದರು. ಸ್ನಾನದ ನೀರಿಗೂ ಬೇರೆಯದೇ ಒಂದು ಅಸ್ತ್ರ ಒಲೆ ಬಂತು. ಕರ್ನಾಟಕದ ಹಳ್ಳಿಗಳಲ್ಲಿ ಅದರ ಹೆಸರು ಎಷ್ಟು ಹಬ್ಬಿತೆಂದರೆ, ಹೊಗೆಕೊಳವೆ ಇರುವ ಒಲೆಗಳಿಗೆಲ್ಲ ಅಸ್ತ್ರ ಒಲೆ ಎಂದೇ ಕರೆಯುವವರಿದ್ದಾರೆ.

ಅಸ್ತ್ರದ ಹೊಸತನ ಜಾಲರಿಗಿಂತ ಹೆಚ್ಚಾಗಿ ಒಲೆ ಹಾಕುವವರ ತರಬೇತಿಯಲ್ಲಿತ್ತು. ಸುರಂಗ ಒಂದು ಅಂಗುಲ ಆಚೀಚೆ ಆದರೆ ಒಲೆಯೇ ಬೇರೆಯಾಗುತ್ತದೆ. ಹಾಗಾಗಿ ಅಚ್ಚು ಇಟ್ಟು, ಅಳತೆ ಹಿಡಿದು ಕಟ್ಟುವವರನ್ನು ತಯಾರು ಮಾಡಿದರು. ಮುಂದೆ ಬೆಂಗಳೂರಿನ ಟೈಡ್ ಸಂಸ್ಥೆ ಸ್ವಾತಿ ಭೋಗ್ಲೆಯವರ ಮುಂದಾಳತ್ವದಲ್ಲಿ 'ಸರಳ ಒಲೆ'ಯನ್ನು ಹರಡುವಾಗ ಹಳ್ಳಿಯ ಹೆಂಗಸರಿಗೇ ಒಲೆ ಕಟ್ಟುವ ಕಸುಬು ಕಲಿಸಿತು. ಕಟ್ಟಿದವಳೇ ಉರಿಸುವವಳೂ ಆದಾಗ ರೊಟ್ಟಿಯ ಪ್ರಶ್ನೆ ಮೊದಲ ದಿನವೇ ಬರುತ್ತದೆ.

ಮೂರು ಕೋಟಿ ಒಲೆಗಳು

1983ರಲ್ಲಿ ಕೇಂದ್ರ ಸರ್ಕಾರ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ಶುರುಮಾಡಿ, 2002ರವರೆಗೆ ನಡೆಸಿತು. ಸರ್ಕಾರದ ಲೆಕ್ಕದಲ್ಲಿ ಹಾಕಿದ ಒಲೆಗಳು 3 ಕೋಟಿಗೂ ಹೆಚ್ಚು. ಎಷ್ಟು ಹಾಕಿದೆವು ಎಂದು ಎಣಿಸಿದಷ್ಟು ಶ್ರದ್ಧೆಯಿಂದ ಎಷ್ಟು ಉರಿಯುತ್ತಿವೆ ಎಂದು ಎಣಿಸಲಿಲ್ಲ. ಒಡಿಶಾದ ಹಳ್ಳಿಗಳಲ್ಲಿ ರೆಮಾ ಹನ್ನಾ, ಎಸ್ತರ್ ಡುಫ್ಲೋ, ಮೈಕಲ್ ಗ್ರೀನ್‌ಸ್ಟೋನ್ ವರ್ಷಗಟ್ಟಲೆ ಬೆನ್ನುಹತ್ತಿ ನೋಡಿದಾಗ ಕಂಡದ್ದು ಇದು: ಮೊದಲ ವರ್ಷ ಹೊಗೆ ಕುಡಿಯುವುದು ತಗ್ಗಿತು, ಆಮೇಲೆ ಒಲೆಗಳು ಒಡೆದವು, ದುರಸ್ತಿಯಾಗಲಿಲ್ಲ, ಬಳಕೆ ಕುಸಿಯಿತು, ಲಾಭವೂ ಕರಗಿತು.

ಈ ನಡುವೆ ಇನ್ನೊಂದು ಎಣಿಕೆ ಶುರುವಾಗಿತ್ತು. 1980ರ ದಶಕದ ಆರಂಭದಲ್ಲಿ ಕರ್ಕ್ ಸ್ಮಿತ್ ಮತ್ತು ಸಂಗಡಿಗರು ಗುಜರಾತಿನ ಹಳ್ಳಿಗಳಲ್ಲಿ ಅಡುಗೆ ಮಾಡುವ ಹೆಂಗಸರಿಗೆ ಅಳತೆಯ ಉಪಕರಣ ಕಟ್ಟಿ, ಅವರು ಉಸಿರಾಡುವ ಗಾಳಿಯನ್ನೇ ಅಳೆದರು. ಅಲ್ಲಿಯವರೆಗೆ ವಾಯುಮಾಲಿನ್ಯ ಎಂದರೆ ಕಾರ್ಖಾನೆ, ಮೋಟಾರು. ಮನೆಯೊಳಗಿನ ಗಾಳಿ ನಗರದ ಗಾಳಿಗಿಂತ ಎಷ್ಟೋ ಪಟ್ಟು ಕೆಟ್ಟಿದೆ ಎಂದು ಆಗ ಲೆಕ್ಕಕ್ಕೆ ಬಂತು. 2019ರ ಒಂದೇ ವರ್ಷದಲ್ಲಿ ಭಾರತದಲ್ಲಿ ಮನೆಯೊಳಗಿನ ಹೊಗೆಯಿಂದ ಆದ ಸಾವುಗಳು ಸುಮಾರು 6 ಲಕ್ಷ ಎಂಬುದು ಲ್ಯಾನ್ಸೆಟ್ ಬಳಗದ ಪತ್ರಿಕೆಯಲ್ಲಿ ಬಂದ ಅಂದಾಜು. ರಾಜು ಕಣ್ಣೀರನ್ನು ಕಂಡಿದ್ದರು. ಪುಪ್ಪುಸವನ್ನು ಕಾಣಲು ಇನ್ನೂ ಮೂವತ್ತು ವರ್ಷ ಬೇಕಾಯಿತು.

ಕೊನೆಗೆ ಉತ್ತರ ಬೇರೆ ಕಡೆಯಿಂದ ಬಂತು. ಒಲೆಯನ್ನು ತಿದ್ದುವ ಬದಲು ಇಂಧನವನ್ನೇ ಬದಲಿಸುವುದು. 1999ರಲ್ಲಿ ಆಂಧ್ರಪ್ರದೇಶ ಸರ್ಕಾರ 'ದೀಪಂ' ಹೆಸರಿನಲ್ಲಿ ಬಡ ಹೆಂಗಸರಿಗೆ ಗ್ಯಾಸ್ ಸಂಪರ್ಕ ಕೊಡತೊಡಗಿತು. 2016ರ ಮೇ 1ರಂದು ಕೇಂದ್ರದ ಉಜ್ವಲಾ ಬಂತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಅಡುಗೆಗೆ ಶುದ್ಧ ಇಂಧನ ಬಳಸುವ ಮನೆಗಳು 2015-16ರಲ್ಲಿ ಶೇಕಡ 43.8, 2019-21ರಲ್ಲಿ ಶೇಕಡ 58.6. ಇದು ಚಿಕ್ಕ ಸಾಧನೆಯಲ್ಲ. ಆದರೆ ಸಿಲಿಂಡರು ಇರುವ ಎಷ್ಟೋ ಮನೆಗಳಲ್ಲಿ ಸ್ನಾನದ ನೀರು ಇಂದಿಗೂ ಸೌದೆಯ ಮೇಲೇ ಕಾಯುತ್ತದೆ. ಗ್ಯಾಸು ದುಡ್ಡು, ಸೌದೆ ಕಾಲು ನಡೆದರೆ ಸಿಗುವ ವಸ್ತು. ಎರಡು ಬಕೆಟ್ ನೀರಿಗೆ ಸಿಲಿಂಡರು ಸುಡಲು ಯಾವ ಗೃಹಿಣಿಗೂ ಕೈ ಬರುವುದಿಲ್ಲ.

ನಮ್ಮ ಮನೆಯ ಬಂಬ

ಇಷ್ಟೆಲ್ಲ ಓದಿದ ಮೇಲೆ ಎರಡು ವಿಷಯ ಖಚಿತವಾದವು. ಮನೆಯೊಳಗೆ ಬೆಂಕಿ ಬೇಡ. ಚಳಿಗಾಲದಲ್ಲಿ ಅಗ್ಗಿಷ್ಟಿಕೆಯಲ್ಲಿ ಕೆಂಡ ತುಂಬಿ, ಬಾಗಿಲು ಮುಚ್ಚಿ ಮಲಗಿದವರು ಬೆಳಿಗ್ಗೆ ಏಳದಿರುವ ಸುದ್ದಿ ಪ್ರತಿ ವರ್ಷ ಪತ್ರಿಕೆಯಲ್ಲಿರುತ್ತದೆ. ಕೆಂಡಕ್ಕೆ ಹೊಗೆಯಿಲ್ಲ, ಆದರೆ ಕಾರ್ಬನ್ ಮೋನಾಕ್ಸೈಡ್ ಇದೆ; ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಎರಡನೆಯದು, ಬೆಂಕಿ ಬೇಕೇ ಬೇಕೆಂದರೆ ಅದು ಹಿತ್ತಲಿನಲ್ಲಿ, ತಗಡಿನ ಚಪ್ಪರದ ಕೆಳಗೆ, ನೀರಿನ ಹೊಟ್ಟೆಯೊಳಗೆ.

ಬೇಗಂ ಬಜಾರಿಗೆ ಹೋಗಿ ತಾಮ್ರದ ಬಂಬ ನೋಡಿದೆ. ಅವ್ವನೂ ಬಂದಳು, ಮೆಟ್ರೋದಲ್ಲಿ. ನಾನು ತೂಕ, ಲೀಟರು, ಬೆಲೆ ಕೇಳುತ್ತಿದ್ದರೆ ಅವಳು ಬೆರಳಿನ ಗೆಣ್ಣಿನಿಂದ ತಟ್ಟಿ ಸದ್ದು ಕೇಳುತ್ತಿದ್ದಳು. ಒಳಗೆ ಕೈ ಹಾಕಿ ಕೊಳವೆಯ ಬೆಸುಗೆ ಸವರಿದಳು. ಹೊಳೆಯುತ್ತಿದ್ದ ಎರಡನ್ನು ಬೇಡವೆಂದು, ಬೂದಿ ತೆಗೆಯುವ ಬಾಗಿಲು ದೊಡ್ಡದಿದ್ದ ಮೂರನೆಯದನ್ನು ಆರಿಸಿದಳು. "ಬೂದಿ ತಗ್ಯಾಕಿ ನಾನು" ಎಂದಳು.

ಕೊಳವೆ ಕೂರಿಸಲು ಬಂದ ಫಿಟ್ಟರು ಬಂಬದ ತಲೆಗೆ ಒಂದು ತಗಡಿನ ಕೊಳವೆ ಸಿಕ್ಕಿಸಿ, ಚಪ್ಪರಕ್ಕೆ ತೂತು ಮಾಡುವುದು ಬೇಡವೆಂದು ಅದನ್ನು ಮೂಲೆ ಮಟ್ಟಕ್ಕೆ ತಿರುಗಿಸಿ ಪಕ್ಕಕ್ಕೆ ಬಿಟ್ಟ. ಮರುದಿನ ಬೆಳಿಗ್ಗೆ ಉರಿ ಹಾಕಿದೆವು. ಹತ್ತು ನಿಮಿಷದಲ್ಲಿ ಹೊಗೆ ಹಿತ್ತಲ ಬಾಗಿಲಿನಿಂದ ನೇರ ಅಡುಗೆಮನೆಗೆ ಬಂತು. ಅವ್ವ ಕೆಮ್ಮಿ ಕೂತಳು. ಇನ್‌ಹೇಲರು ಹುಡುಕಿ ಕೊಟ್ಟು, ಬೆನ್ನು ನೀವುತ್ತ, ಈ ಬಂಬವನ್ನು ಮಾರಿಬಿಡುವುದೆಂದು ನಾನು ತೀರ್ಮಾನಿಸಿದ್ದೆ. ಫ್ರಾಂಕ್ಲಿನ್, ರಾಜು ಎಲ್ಲರನ್ನೂ ಓದಿದವನು, ಕೊಳವೆ ಹೇಗೆ ಕೂರಿಸಿದ್ದಾನೆಂದು ಒಂದು ಸಲ ತಲೆಯೆತ್ತಿ ನೋಡಿರಲಿಲ್ಲ.

ಉಸಿರು ಹತೋಟಿಗೆ ಬಂದ ಮೇಲೆ ಅವ್ವ ಹೊರಗೆ ಬಂದು ಕೊಳವೆಯನ್ನೇ ನೋಡುತ್ತ ನಿಂತಳು. "ಹೊಗಿ ಮೂಲಿ ತಿರಗಂಗಿಲ್ಲ ತಮ್ಮಾ. ನೆಟ್ಟಗ ಬಿಡು" ಎಂದಳು.

ಬೇರೆ ಕೆಲಸಗಾರನನ್ನು ಕರೆಸಿದೆ. ಚಪ್ಪರಕ್ಕೆ ತೂತು ಬಿತ್ತು. ಸುತ್ತ ತಗಡಿನ ಪಟ್ಟಿ ಹಾಕಿ ಮಳೆನೀರು ಇಳಿಯದಂತೆ ಮಾಡಿದ. ಕೊಳವೆ ನೇರವಾಗಿ, ಮಾಳಿಗೆಯ ಕೈಗೋಡೆಗಿಂತ ಎರಡು ಅಡಿ ಮೇಲೆ ಹೋಗಿ ನಿಂತಿತು. ತುದಿಗೆ ಒಂದು ಟೋಪಿ. ಅಡುಗೆಮನೆಯ ಹಿತ್ತಲ ಬಾಗಿಲನ್ನು ಉರಿ ಹಾಕುವ ಹೊತ್ತಿಗೆ ಮುಚ್ಚುವುದೆಂದು ಆಯಿತು. ಕಟ್ಟಡ ಕೆಲಸದಲ್ಲಿ ಮಿಕ್ಕ ಪ್ಲೈವುಡ್, ಬಣ್ಣ ಬಳಿದ ಹಲಗೆ ಪುಕ್ಕಟೆ ಸಿಗುತ್ತದೆ, ಆದರೆ ಅದರ ಹೊಗೆ ಸೌದೆಯ ಹೊಗೆಗಿಂತ ಕೆಟ್ಟದ್ದು, ಅದನ್ನು ಮುಟ್ಟುವುದಿಲ್ಲ. ವರ್ಷ ಪೂರ್ತಿ ಒಣಗಿದ ಜಾಲಿ, ತೆಂಗಿನ ಚಿಪ್ಪು ಮಾತ್ರ. ಮೊದಲು ಒಂದು ಕಾಗದ ಹೊತ್ತಿಸಿ ಕೊಳವೆಯನ್ನು ಬೆಚ್ಚಗೆ ಮಾಡಿ, ಆಮೇಲೆ ಕಟ್ಟಿಗೆ. ಮೊದಲ ಹೊಗೆ ಹೋಗುವವರೆಗೆ ಹೊತ್ತಿಸುವವನು ನಾನು, ಅವ್ವ ದೂರ. ಈ ಕೊನೆಯ ಷರತ್ತಿಗೆ ಅವಳು ಒಪ್ಪಿದ್ದು ವಾರದ ಜಗಳದ ನಂತರ. ವೈದ್ಯರು ಈಗಲೂ ಸೋಲಾರ್ ಹಾಕಿಸಿ ಎನ್ನುತ್ತಾರೆ. ಅವರು ಹೇಳುವುದು ಸರಿ. ತಿಂಗಳ ಕಂತು ಮುಗಿದ ಮೇಲೆ ಹಾಕಿಸುತ್ತೇನೆ ಎಂದಿದ್ದೇನೆ, ಅವ್ವನಿಗೆ ಕೇಳದಂತೆ.

ನಮ್ಮ ಬಂಬದ ಕೊಳವೆಯಲ್ಲಿ ಹೊಸತೇನೂ ಇಲ್ಲ. ಈ ಊರಿನ ಪ್ರಯೋಗಾಲಯವೊಂದು 1953ರಲ್ಲೇ ಹೇಳಿದ್ದನ್ನು ನಾನು ಒಂದು ಚಳಿಗಾಲ ಕಳೆದು ಕಲಿತೆ: ಬೆಂಕಿ ಕೊಳ್ಳುವಾಗ ಮೊದಲು ನೋಡಬೇಕಾದ್ದು ಹೊಗೆಯ ದಾರಿ. ಅವ್ವ ಅದಕ್ಕಿಂತ ಮೊದಲೇ ಕಲಿತಿದ್ದಳು, ಅದಕ್ಕೆ ಕೊಟ್ಟ ಬೆಲೆ ಈಗಲೂ ಅವಳ ಎದೆಯಲ್ಲಿ ಸಿಳ್ಳೆ ಹಾಕುತ್ತದೆ.

ಈ ದೀಪಾವಳಿಗೆ ನೀರು ತುಂಬುವ ದಿನ ಅವ್ವ ಬಂಬವನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ, ಸುಣ್ಣ ಕೆಮ್ಮಣ್ಣಿನ ಗೆರೆ ಎಳೆದಳು. ಮರುದಿನ ನಸುಕಿನಲ್ಲಿ ನಾನು ಕಾಗದ ಹೊತ್ತಿಸಿದೆ. ಅವಳು ಹಿತ್ತಲ ಆ ತುದಿಯಲ್ಲಿ ಕುರ್ಚಿ ಹಾಕಿಕೊಂಡು ಕೂತು, ಮಾಳಿಗೆಯ ಮೇಲೆ ಕೊಳವೆಯ ತುದಿಯನ್ನೇ ನೋಡುತ್ತಿದ್ದಳು. ಹೊಗೆ ನೆಟ್ಟಗೆ ಹತ್ತಿ, ಮನೆಗಳ ಮೇಲೆ ಹಾದು, ಮೂಸಿಯ ಕಡೆಗೆ ವಾಲಿತು.

"ಈಗ ಬರ್ಲ್ಯಾ?" ಎಂದು ಕೇಳಿದಳು. ಬಾ ಎಂದೆ. ಬಂದು, ಬಂಬದ ಮುಂದೆ ಎರಡೂ ಅಂಗೈ ಚಾಚಿ ಕೂತಳು.